ಎಂಟು, ಒಂಬತ್ತನೇ ಕ್ಲಾಸಿನ ಕನ್ನಡ ಮೀಡಿಯಂ ಮಕ್ಕಳಿಗೆ ಕಂಪ್ಯೂಟರ್ ಸೈನ್ಸ್ ಎಲ್ಲಿಂದ ಶುರು ಮಾಡಲಿ?

ಡೊಂಬಿವಲಿ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ, ಹದಿನಾಲ್ಕು ವರ್ಷ ಆಯ್ತು. ಈ ಜೂನ್‌ನಿಂದ ಭಾನುವಾರ ಬೆಳಿಗ್ಗೆ ಎರಡು ಗಂಟೆ ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹಾಲ್‌ನಲ್ಲಿ ನಮ್ಮ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೇನೆ. ಒಟ್ಟು 31 ಮಕ್ಕಳು. ಎಲ್ಲರೂ ಎಂಟು, ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಅರ್ಧ ಮಕ್ಕಳ ಅಪ್ಪಂದಿರು ಹೋಟೆಲ್ ಕೆಲಸದವರು, ಕರಾವಳಿ ಕಡೆಯವರು. ಉಳಿದವರು ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರ ಮಕ್ಕಳು. ಮನೆಯಲ್ಲಿ ಕಂಪ್ಯೂಟರ್ ಯಾರಿಗೂ ಇಲ್ಲ. ಫೋನ್ ಇದೆ, ಆದರೆ ಅದು ಅಪ್ಪನ ಜೇಬಿನಲ್ಲಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುತ್ತೆ. ಕ್ಲಾಸಿನಲ್ಲಿ ಇರುವುದು ಆರು ಹಳೇ ಕಂಪ್ಯೂಟರ್, ಅದರಲ್ಲಿ ಒಂದರ ಕೀಬೋರ್ಡಿನಲ್ಲಿ 'ಎ' ಒತ್ತಿದರೆ ಬರುವುದಿಲ್ಲ.

ಮೊದಲ ಎರಡು ತಿಂಗಳು ಯಾರೋ ಕೊಟ್ಟ ಒಂದು ಪುಸ್ತಕ ಹಿಡಿದು ಪಾಠ ಮಾಡಿದೆ. ಕಂಪ್ಯೂಟರಿನ ತಲೆಮಾರುಗಳು, ಇನ್‌ಪುಟ್ ಸಾಧನ, ಔಟ್‌ಪುಟ್ ಸಾಧನ, ಹೀಗೆ. ಮಕ್ಕಳು ಎಲ್ಲ ಬಾಯಿಪಾಠ ಮಾಡಿದರು. ಒಂದು ದಿನ ರ‍್ಯಾಮ್ ಅಂದರೆ ಏನು ಅಂತ ಕೇಳಿದೆ. ಎಲ್ಲರೂ ಒಟ್ಟಿಗೆ 'ರಾಂಡಮ್ ಆಕ್ಸೆಸ್ ಮೆಮೊರಿ' ಅಂದರು. ಸರಿ, ಅದು ಯಾಕೆ ಬೇಕು ಅಂದೆ. ಒಬ್ಬರೂ ಬಾಯಿ ಬಿಡಲಿಲ್ಲ. ಅವತ್ತು ಮನೆಗೆ ಹೋಗುವಾಗ ತುಂಬಾ ಬೇಜಾರಾಯ್ತು. ಎರಡು ತಿಂಗಳು ಅವರ ಭಾನುವಾರ ಹಾಳು ಮಾಡಿದೆ ಅನ್ನಿಸಿತು.

ಪುಸ್ತಕ ಬಿಟ್ಟು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದೆ. ಅಲ್ಲಿ ಬೇರೆ ತೊಂದರೆ. ಎಕ್ಸ್ = ಎಕ್ಸ್ + 1 ಅಂತ ಬೋರ್ಡ್ ಮೇಲೆ ಬರೆದ ತಕ್ಷಣ ಒಂಬತ್ತನೇ ಕ್ಲಾಸಿನ ಒಬ್ಬಳು ಎದ್ದು ನಿಂತಳು. "ಟೀಚರ್, ಇದು ತಪ್ಪು. ಎರಡೂ ಕಡೆ ಎಕ್ಸ್ ಕಳೆದರೆ ಸೊನ್ನೆ ಸಮ ಒಂದು ಆಗುತ್ತೆ." ಎಂಥ ಚೆಂದದ ಮಾತು ನೋಡಿ! ಅವಳ ಗಣಿತ ಸರಿಯಾಗೇ ಇದೆ. ನಾನು "ಕಂಪ್ಯೂಟರ್‌ನಲ್ಲಿ ಹಾಗೇನೇ" ಅಂದುಬಿಟ್ಟೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು, ಅವಳಿಗೂ ಗೊತ್ತಾಯ್ತು.

ಈಗ ನನ್ನ ಪ್ರಶ್ನೆ. ಆರು ಮಿಷನ್ ಇಟ್ಟುಕೊಂಡು 31 ಮಕ್ಕಳಿಗೆ ನಿಜವಾದ ಕಂಪ್ಯೂಟರ್ ಸೈನ್ಸ್ ಕಲಿಸುವುದು ಹೇಗೆ? ಎಲ್ಲಿಂದ ಶುರು ಮಾಡಬೇಕು? ಮತ್ತೆ ಭಾಷೆ. ವೇರಿಯಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು), ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವುದು) ಇವಕ್ಕೆಲ್ಲ ಕನ್ನಡ ಪದ ಹೇಳಬೇಕಾ, ಇಂಗ್ಲಿಷೇ ಹೇಳಬೇಕಾ? ಕ್ಲಾಸ್ ಮಾಡಿ ಅನುಭವ ಇದ್ದವರು ಹೇಳಿ.

ಮಾಟುಂಗದ ಗಣಿತ ಮೇಷ್ಟ್ರು

ಅಕ್ಕಾ, ಆ ಹುಡುಗಿ ಎದ್ದು ನಿಂತಳು ಅಂದಿರಲ್ಲ, ಅಲ್ಲಿಗೆ ನಿಮ್ಮ ಕ್ಲಾಸು ಚೆನ್ನಾಗಿ ನಡೀತಾ ಇದೆ ಅಂತಲೇ ಅರ್ಥ. ನಾನು ಮುಂಬಯಿಯಲ್ಲಿ ಕನ್ನಡ ಮಕ್ಕಳಿಗೆ ಇಪ್ಪತ್ತೇಳು ವರ್ಷ ಗಣಿತ ಹೇಳಿದ್ದೇನೆ. ಕಂಪ್ಯೂಟರ್ ಪಾಠವನ್ನೂ ನನ್ನ ತಲೆಗೇ ಕಟ್ಟಿದ್ದರು, ಲ್ಯಾಬ್ ಇರಲಿಲ್ಲ. ಹಾಗಾಗಿ ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಸೈನ್ಸ್ ಹೇಳುವುದನ್ನು ನಾನು ಕಲಿಯಲೇಬೇಕಾಯ್ತು.

ನಿಮ್ಮ ಹತ್ತಿರ 31 ಮಕ್ಕಳು ಅಂದಿರಿ. ಬಹಳ ಒಳ್ಳೇ ಸಂಖ್ಯೆ ಅದು. ಐದು ರಟ್ಟಿನ ಕಾರ್ಡ್ ಮಾಡಿ. ಒಂದರ ಮೇಲೆ 16 ಚುಕ್ಕೆ, ಆಮೇಲೆ 8, 4, 2, 1. ಹಿಂದಿನ ಬದಿ ಖಾಲಿ. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, 16 ಎಡಗಡೆ ತುದಿಯಲ್ಲಿರಲಿ. ಈಗ ಹಾಜರಿ ಕರೆಯಿರಿ. ರೋಲ್ ನಂಬರ್ 13 ಅಂದರೆ 8, 4, 1 ಇರುವವರು ಚುಕ್ಕೆ ತೋರಿಸಬೇಕು, ಉಳಿದವರು ಖಾಲಿ ಬದಿ. ಚುಕ್ಕೆ ಕಂಡರೆ 1, ಖಾಲಿ ಇದ್ದರೆ 0 ಅಂತ ಬರೆದರೆ ಬೋರ್ಡ್ ಮೇಲೆ 01101. ಇದೇ ಬೈನರಿ. ರೋಲ್ ನಂಬರ್ 19 ಆದರೆ 10011. ಒಂದರಿಂದ ಮೂವತ್ತೊಂದರ ತನಕ ಎಲ್ಲ ಮಕ್ಕಳೂ ಆ ಐದೇ ಕಾರ್ಡಿನಲ್ಲಿ ಹಿಡಿಯುತ್ತಾರೆ. ಯಾವ ನಂಬರಿಗೂ ಎರಡು ದಾರಿ ಇಲ್ಲ. ಯಾಕೆ ಇಲ್ಲ ಅಂತ ಅವರನ್ನೇ ಕೇಳಿ, ತಕ್ಷಣ ಉತ್ತರ ಹೇಳಬೇಡಿ. ಇದು ನಾನು ಹುಟ್ಟಿಸಿದ್ದಲ್ಲ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಅವರ ಜೊತೆಯವರು 1990ರ ದಶಕದಿಂದ 'ಅನ್‌ಪ್ಲಗ್ಡ್' ಅಂತ ಇಂಥ ಆಟಗಳನ್ನು ಮಾಡಿಕೊಂಡು ಬಂದಿದ್ದಾರೆ. ಒಳ್ಳೇ ಕೆಲಸ. ನಾನು ಹಾಜರಿ ಪುಸ್ತಕ ಸೇರಿಸಿದೆ ಅಷ್ಟೇ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಮಕ್ಕಳಿಗೆ ಮನೆಯಿಂದ ಒಂದೊಂದು ಖಾಲಿ ಬಿಸ್ಕತ್ ಪ್ಯಾಕೆಟ್ಟೋ ಸೋಪಿನ ಕವರ್ರೋ ತರಲು ಹೇಳಿ. ಬಾರ್‌ಕೋಡ್ ಕೆಳಗೆ 13 ಅಂಕಿ ಇರುತ್ತೆ. ನಮ್ಮ ದೇಶದಲ್ಲಿ ನೋಂದಾಯಿಸಿದ್ದಾದರೆ 890ರಿಂದ ಶುರು. ಕೊನೆಯ ಅಂಕಿ ಸುಮ್ನೆ ಇಟ್ಟಿದ್ದಲ್ಲ, ಉಳಿದ ಹನ್ನೆರಡನ್ನು ಕಾಯುವ ಅಂಕಿ ಅದು. ಎಡದಿಂದ ಮೊದಲನೆಯದನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1, ಮತ್ತೆ 3, ಹೀಗೆ ಗುಣಿಸಿ ಕೂಡಿಸಬೇಕು. ಅದರ ಜೊತೆ ಕೊನೆಯ ಅಂಕಿ ಸೇರಿದಾಗ ಹತ್ತರಿಂದ ಸರಿಯಾಗಿ ಭಾಗ ಹೋಗಬೇಕು. 890123456789 ಅಂತ ಬೋರ್ಡ್ ಮೇಲೆ ಬರೆದು ಮಾಡಿಸಿ ನೋಡಿ, 130 ಬರುತ್ತೆ. ಹಾಗಾಗಿ ಹದಿಮೂರನೆಯದು 0. ಈಗ ಯಾವುದಾದರೂ ಒಂದು ಅಂಕಿ ತಪ್ಪು ಬರೆಯಿರಿ, ಲೆಕ್ಕ ತಕ್ಷಣ ಹಿಡಿಯುತ್ತೆ.

ಇಲ್ಲಿಗೆ ನಿಲ್ಲಿಸಬೇಡಿ. "ಲೆಕ್ಕಕ್ಕೆ ಸಿಗದ ಹಾಗೆ ತಪ್ಪು ಮಾಡಿ ತೋರಿಸಿ ನೋಡೋಣ" ಅಂತ ಮಕ್ಕಳಿಗೆ ಸವಾಲು ಹಾಕಿ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ, ಪರೀಕ್ಷೆಯಲ್ಲಿ ಯಾವಾಗಲೂ ಹಿಂದೆ, ಅರ್ಧ ಗಂಟೆ ತಲೆ ಎತ್ತದೆ ಕೂತು ಕಂಡುಹಿಡಿದ. ಪಕ್ಕಪಕ್ಕದಲ್ಲಿ 1 ಮತ್ತು 6 ಇದ್ದು ಅದಲುಬದಲು ಆದರೆ ಗೊತ್ತಾಗುವುದೇ ಇಲ್ಲ! 1, 6 ಅಂದರೆ 1 + 18 = 19. 6, 1 ಅಂದರೆ 6 + 3 = 9. ವ್ಯತ್ಯಾಸ ಹತ್ತು, ಹತ್ತರ ಲೆಕ್ಕದಲ್ಲಿ ಅದು ಕಾಣುವುದಿಲ್ಲ. 2 ಮತ್ತು 7, 3 ಮತ್ತು 8 ಕೂಡ ಹಾಗೇ. ಐದರ ವ್ಯತ್ಯಾಸ ಇದ್ದರೆ ತಪ್ಪಿಸಿಕೊಳ್ಳುತ್ತೆ ಅಂತ ಅವನೇ ನಿಯಮ ಹೇಳಿದ. ಆಧಾರ್ ನಂಬರಿನ ಹನ್ನೆರಡನೇ ಅಂಕಿಯೂ ಇಂಥ ಕಾವಲು ಅಂಕಿಯೇ. ಅಲ್ಲಿ ವೆರ್‌ಹೂಫ್ ಅನ್ನುವ ಬೇರೆ ವಿಧಾನ ಇದೆ, ಅದು ಪಕ್ಕದ ಅಂಕಿ ಅದಲುಬದಲಾದರೆ ಪ್ರತಿ ಸಲವೂ ಹಿಡಿಯುತ್ತೆ. ಇದನ್ನು ಹೇಳಿದಾಗ ಆ ಹುಡುಗ "ಹಾಗಾದ್ರೆ ಅದನ್ನು ಮಾಡಿದವರಿಗೂ ನಾನು ಹಿಡಿದ ತಪ್ಪು ಗೊತ್ತಿತ್ತು ಅಲ್ವಾ ಸರ್" ಅಂದ. ಗೊತ್ತಿತ್ತು ಕಣೋ ಅಂದೆ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಇವತ್ತಿಗೆ ಇಷ್ಟು. ಲೋಕಲ್ ಟ್ರೇನ್ ಪಾಠ ಇನ್ನೊಮ್ಮೆ ಬರೆಯುತ್ತೇನೆ.

ಠಾಣೆ ಲೆಕ್ಕಪತ್ರ

ಮೇಷ್ಟ್ರು ಹೇಳಿದ್ದು ಓದಲು ಚೆನ್ನಾಗಿದೆ, ಆದರೆ ನನ್ನ ಅಭಿಪ್ರಾಯ ಬೇರೆ. ನೇರವಾಗಿ ಹೇಳುತ್ತೇನೆ.

ನಾನೂ ಕನ್ನಡ ಮೀಡಿಯಂನಲ್ಲೇ ಓದಿದವನು. ಹಗಲು ಹೋಟೆಲ್ ಕೆಲಸ, ರಾತ್ರಿ ಶಾಲೆ. ಹತ್ತನೇ ಕ್ಲಾಸ್ ಆದ ಮೇಲೆ ನನಗೆ ಮೊದಲ ಆಫೀಸ್ ಕೆಲಸ ಸಿಕ್ಕಿದ್ದು ಟೈಪಿಂಗ್ ಮತ್ತು ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಬರುತ್ತಿತ್ತು ಅಂತ. ಬೈನರಿ ಯಾರೂ ಕೇಳಲಿಲ್ಲ. ಈ ಮಕ್ಕಳಲ್ಲಿ ಎಷ್ಟೋ ಜನ ಹತ್ತು ಮುಗಿದ ಕೂಡಲೇ ಮನೆಗೆ ದುಡಿದು ಹಾಕಬೇಕು. ಅವರಿಗೆ ಎಕ್ಸೆಲ್ ಕಲಿಸಿ, ಕನ್ನಡ, ಇಂಗ್ಲಿಷ್, ಮರಾಠಿ ಮೂರೂ ಟೈಪಿಂಗ್ ಕಲಿಸಿ, ಒಂದು ಇಮೇಲ್ ಸರಿಯಾಗಿ ಬರೆಯುವುದು ಕಲಿಸಿ. ಭಾನುವಾರ ಎರಡು ಗಂಟೆಯಲ್ಲಿ ಏನು ಕೊಟ್ಟರೆ ಅವರ ಕೈಗೆ ನಾಳೆ ಬರುತ್ತೆ ಅಂತ ಮೊದಲು ಯೋಚಿಸಬೇಕು. ಪ್ರೋಗ್ರಾಮಿಂಗ್ ಬೇಕಾದವರು ಹನ್ನೊಂದನೇ ಕ್ಲಾಸಿನಲ್ಲಿ ಐಟಿ ವಿಷಯ ತಗೊಳ್ಳಲಿ.

ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದೇನೆ.

ಹಿಂಜವಡಿಯಿಂದ

ಪುಣೆಯಿಂದ ಬರೆಯುತ್ತಿದ್ದೇನೆ. ಕೆಲಸ ಐಟಿ, ಶನಿವಾರ ಕೆಲವು ಹೈಸ್ಕೂಲ್ ಮಕ್ಕಳಿಗೆ ಪೈಥಾನ್ ಹೇಳುತ್ತೇನೆ. ಮೂರು ವರ್ಷ ಆಯ್ತು.

ಮೊದಲು ಎಕ್ಸ್ = ಎಕ್ಸ್ + 1. ಆ ಹುಡುಗಿಗೆ ಹೀಗೆ ಹೇಳಿ. ಇಲ್ಲಿ ಆ ಗುರುತಿನ ಅರ್ಥ 'ಸಮ' ಅಲ್ಲ, 'ಇಡು' ಅಂತ. ಆಮೇಲೆ ಸಾಲನ್ನು ಬಲಗಡೆಯಿಂದ ಕನ್ನಡದಲ್ಲಿ ಓದಿಸಿ. "ಎಕ್ಸ್‌ನಲ್ಲಿ ಇರುವುದಕ್ಕೆ ಒಂದು ಕೂಡಿಸಿ ಮತ್ತೆ ಎಕ್ಸ್‌ನಲ್ಲೇ ಇಡು." ನೋಡಿ, ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತಲ್ಲ, ಕಂಪ್ಯೂಟರ್ ಕೂಡ ಇಡುವ ಕೆಲಸ ಕೊನೆಗೇ ಮಾಡುತ್ತೆ. ಈ ಒಂದು ಸಾಲಿನ ಮಟ್ಟಿಗೆ ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಸುಲಭ. ಒಂದು ಸ್ಟೀಲ್ ಡಬ್ಬಿ, ಮೇಲೆ ಎಕ್ಸ್ ಅಂತ ಚೀಟಿ, ಒಳಗೆ ಹುಣಸೆ ಬೀಜ. ಬೀಜ ತೆಗೆದು ಎಣಿಸು, ಒಂದು ಸೇರಿಸು, ಮತ್ತೆ ಡಬ್ಬಿಗೆ ಹಾಕು. ಅಷ್ಟೇ. ಆಮೇಲೆ ಎ = 5, ಬಿ = ಎ, ಎ = 7 ಅಂತ ಮೂರು ಸಾಲು ಬರೆದು ಬಿ ಎಷ್ಟು ಅಂತ ಕೇಳಿ. ತುಂಬಾ ಮಕ್ಕಳು 7 ಅನ್ನುತ್ತಾರೆ. ಡಬ್ಬಿಯಲ್ಲಿ ಮಾಡಿ ತೋರಿಸಿದ ಮೇಲೆ 5 ಅನ್ನುತ್ತಾರೆ.

ಎರಡನೆಯದು, ನಿಮ್ಮ ಮಕ್ಕಳು ಖಂಡಿತ ಎಡವುವ ಜಾಗ. ಎರಡು ವಿಷಯದ ಅಂಕ ಕೇಳಿ ಕೂಡಿಸುವ ಪ್ರೋಗ್ರಾಂ ಬರೆಸಿ. 45 ಮತ್ತು 38 ಹಾಕಿದರೆ 4538 ಬರುತ್ತೆ! ಗಾಬರಿ ಆಗುತ್ತಾರೆ. ಕೀಬೋರ್ಡಿನಿಂದ ಬಂದದ್ದನ್ನು ಪೈಥಾನ್ ಅಕ್ಷರ ಅಂತಲೇ ತಗೊಳ್ಳುತ್ತೆ, ಪಕ್ಕಪಕ್ಕ ಅಂಟಿಸುತ್ತೆ. ಅದನ್ನು ಸಂಖ್ಯೆ ಮಾಡುವ 'ಇಂಟ್' ಹಾಕಿದ ಮೇಲೆ 83. ಈ ತಪ್ಪನ್ನು ಮುಂಚೆಯೇ ಹೇಳಿ ತಪ್ಪಿಸಬೇಡಿ, ಅವರೇ ಬೀಳಲಿ.

ಈಗ ನನಗೆ ಬಹಳ ಖುಷಿ ಕೊಟ್ಟ ಪಾಠ ಹೇಳುತ್ತೇನೆ. ಬೋರ್ಡ್ ಮೇಲೆ 'ಕನ್ನಡ' ಅಂತ ಬರೆದು ಎಷ್ಟು ಅಕ್ಷರ ಅಂತ ಕೇಳಿ. ಮೂರು ಅನ್ನುತ್ತಾರೆ. ಪೈಥಾನಿಗೆ 'ಲೆನ್' ಹಾಕಿ ಕೇಳಿ, 5 ಅನ್ನುತ್ತೆ. ಯಾಕೆ? ಮಕ್ಕಳಿಗೆ ಬಿಡಿಸಲು ಬಿಡಿ. ಕ, ನ, ಅರ್ಧ ಮಾಡುವ ಗುರುತು, ಮತ್ತೆ ನ, ಡ. ನಮಗೆ ಒತ್ತಕ್ಷರ ಒಂದು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್‌ಗೆ ಅದು ಮೂರು. ಒಂದನೇ ಕ್ಲಾಸಿನಲ್ಲಿ ಕಲಿತ ಕಾಗುಣಿತ ಕಂಪ್ಯೂಟರಿನ ಹೊಟ್ಟೆಯೊಳಗೆ ಹೀಗೆ ಕೂತಿದೆ ಅಂತ ಗೊತ್ತಾದಾಗ ಅವರ ಕಣ್ಣು ನೋಡಬೇಕು. 'ಮುಂಬಯಿ' ಅಂತ ಹಾಕಿದರೆ 6, 'ಮುಂಬೈ' ಅಂದರೆ 5, 'ಪುಣೆ' 4. ಆಮೇಲೆ ಪದವನ್ನು ತಿರುಗಿಸಿ ಪ್ರಿಂಟ್ ಮಾಡಿಸಿ. 'ಕನ್ನಡ' ತಿರುಗಿಸಿದರೆ 'ಡನ್ನಕ', ಸರಿಯಾಗೇ ಬರುತ್ತೆ. ಆದರೆ 'ಮುಂಬಯಿ' ತಿರುಗಿಸಿದರೆ ಗುಡಿಸು ಮೊದಲೇ ಬಂದು, ಹಿಡಿದುಕೊಳ್ಳಲು ಅಕ್ಷರ ಇಲ್ಲದೆ ಚುಕ್ಕೆ ವೃತ್ತದ ಮೇಲೆ ಕೂರುತ್ತೆ. ಒಂದು ಯಾಕೆ ಸರಿ ಬಂತು, ಇನ್ನೊಂದು ಯಾಕೆ ಕೆಟ್ಟಿತು ಅನ್ನುವುದು ಒಂದಿಡೀ ಕ್ಲಾಸಿನ ಚರ್ಚೆ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಪೈಥಾನ್ ಮೂರರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇಡಬಹುದು. ಅಂಕ = 45 ಅಂತ ಬರೆದರೆ ನಡೆಯುತ್ತೆ. ಯಾರಾದರೂ ಕನ್ನಡ ಅಂಕಿಯಲ್ಲಿ ೪೫ ಅಂತ ಟೈಪ್ ಮಾಡಿ ಕೊಟ್ಟರೂ 'ಇಂಟ್' ಅದನ್ನು 45 ಅಂತ ಓದುತ್ತೆ. ಆದರೆ ಪ್ರೋಗ್ರಾಂ ಸಾಲಿನಲ್ಲೇ ಅಂಕ = ೪೫ ಅಂದರೆ ಒಪ್ಪುವುದಿಲ್ಲ, ಅಲ್ಲಿ 45 ಅಂತಲೇ ಬೇಕು. ಮೊದಲ ಒಂದೆರಡು ತಿಂಗಳು ಕನ್ನಡ ಹೆಸರು ಇಟ್ಟುಕೊಳ್ಳಲಿ. ಆಮೇಲೆ ತಾವಾಗಿಯೇ ಇಂಗ್ಲಿಷ್ ಹೆಸರಿಗೆ ಹೋಗುತ್ತಾರೆ, ಯಾಕಂದರೆ ಪದೇ ಪದೇ ಕೀಬೋರ್ಡ್ ಬದಲಿಸುವುದು ಕಷ್ಟ.

ಠಾಣೆಯವರೇ, ನಿಮ್ಮ ಅನುಭವಕ್ಕೆ ಕೈ ಮುಗಿಯುತ್ತೇನೆ. ಟೈಪಿಂಗ್ ಬೇಕೇ ಬೇಕು. ಅದಕ್ಕೆ ಐಐಟಿ ಬಾಂಬೆಯವರ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳಿವೆ, ಕನ್ನಡ ಧ್ವನಿಯಲ್ಲೂ ಸಿಗುತ್ತವೆ, ಒಂದೊಂದು ಹತ್ತು ನಿಮಿಷದ ಆಸುಪಾಸು. ಎಕ್ಸೆಲ್‌ನಂಥ ಕೆಲಸಕ್ಕೆ ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಅದನ್ನು ನೋಡಿಕೊಂಡೇ ಕಲಿಯಬಹುದು, ಟೀಚರ್ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಟೀಚರ್ ಇರುವ ಎರಡು ಗಂಟೆಯನ್ನು ವಿಡಿಯೋದಲ್ಲಿ ಸಿಗದ ವಿಷಯಕ್ಕೆ ಇಟ್ಟುಕೊಳ್ಳಲಿ ಅನ್ನುವುದು ನನ್ನ ಮಾತು. ಎಕ್ಸೆಲ್‌ನಲ್ಲೂ 'ಇಫ್' ಇದೆ ಅಲ್ವಾ? ಷರತ್ತು ಯೋಚಿಸಲು ಬಾರದವನಿಗೆ ಅದೂ ಬರುವುದಿಲ್ಲ.

ವಾಸ್ಕೊ ಟೀಚರ್

ಗೋವಾದಿಂದ. ನಾನು ವಾಸ್ಕೊ ಹತ್ತಿರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಇಲ್ಲಿ ಬೈನಾ, ಜುವಾರಿನಗರ ಕಡೆ ನಮ್ಮ ಉತ್ತರ ಕರ್ನಾಟಕದವರು ಎಷ್ಟು ಜನ ಇದ್ದಾರೆ ಅಂತ ಗೊತ್ತಿದ್ದವರಿಗೆ ಗೊತ್ತು. ಗೋವಾ ಸರ್ಕಾರ ಆರರಿಂದ ಎಂಟನೇ ಕ್ಲಾಸಿಗೆ ಕೋಡಿಂಗ್ ಮತ್ತು ರೋಬೋಟಿಕ್ಸ್ ಕಲಿಸುವ 'ಕೇರ್ಸ್' ಯೋಜನೆ ತಂದಿದೆ, ಹಾಗಾಗಿ ಹೈಸ್ಕೂಲಿಗೆ ಬರುವ ಹೊತ್ತಿಗೆ ಸ್ಕ್ರ್ಯಾಚ್‌ನಂಥದ್ದು ಮಕ್ಕಳಿಗೆ ಪರಿಚಯ ಆಗಿರುತ್ತೆ. ಚಿತ್ರದ ಬ್ಲಾಕ್ ಎಳೆದು ಜೋಡಿಸುವುದರಿಂದ ಸಾಲು ಟೈಪ್ ಮಾಡುವುದಕ್ಕೆ ದಾಟುವಾಗಲೇ ನನ್ನ ಮಕ್ಕಳು ಜಾಸ್ತಿ ಸೋಲುತ್ತಾರೆ.

ಭಾಷೆ ಬಗ್ಗೆ ಕೇಳಿದ್ದೀರಿ. ಪದ ಇಂಗ್ಲಿಷಿನದೇ ಇರಲಿ ಅಕ್ಕ. ವೇರಿಯಬಲ್, ಲೂಪ್, ಫಂಕ್ಷನ್. ನಾಳೆ ಕಾಲೇಜಿಗೆ ಹೋದಾಗ ಅದೇ ಕಿವಿಗೆ ಬೀಳುತ್ತೆ. ಆದರೆ ಆ ಪದವನ್ನು ಬಿಡಿಸಿ ಹೇಳುವ ವಾಕ್ಯ ಮಾತ್ರ ಮನೆಯ ಕನ್ನಡದಲ್ಲಿರಲಿ, ಮತ್ತೆ ಆ ವಾಕ್ಯವನ್ನು ನೀವು ಹೇಳಬೇಡಿ, ಮಕ್ಕಳ ಬಾಯಿಂದ ಹೇಳಿಸಿ. ಪದ ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ನೋಡಿದ ಹಾಗೆ ತೊಂದರೆ ಇರುವುದು ಸಣ್ಣ ಸಣ್ಣ ಮಾತಿನಲ್ಲಿ.

ನಿಜವಾಗಿ ನಡೆದದ್ದು ಹೇಳುತ್ತೇನೆ. ಪಾಸು ಫೇಲು ಹೇಳುವ ಪ್ರೋಗ್ರಾಂ ಬರೆಸಿದೆ. ಪಾಸಾಗಲು 35 ಅಂತ ಇಟ್ಟುಕೊಳ್ಳಿ ಅಂದೆ. "ಮೂವತ್ತೈದಕ್ಕಿಂತ ಜಾಸ್ತಿ ಬಂದರೆ ಪಾಸ್" ಅಂತ ಎಲ್ಲರೂ ಬರೆದರು. 60 ಹಾಕಿದರು, ಪಾಸ್. 20 ಹಾಕಿದರು, ಫೇಲ್. ಮುಗೀತು ಟೀಚರ್ ಅಂದರು. ನಾನು ಸರಿಯಾಗಿ 35 ಹಾಕಿದೆ. ಫೇಲ್! ಹಿಂದಿನ ಬೆಂಚಿನವ ಒಬ್ಬ ಎದ್ದು ನಿಂತು "ಟೀಚರ್ ಇದು ಅನ್ಯಾಯ" ಅಂತ ಕೂಗಿದ. ಅವತ್ತಿನಿಂದ ನನ್ನ ಕ್ಲಾಸಿನಲ್ಲಿ 'ಅಂಚು ನೋಡಿದ್ರಾ?' ಅನ್ನುವುದು ಎಲ್ಲರ ಬಾಯಲ್ಲಿದೆ. ನೀವು ಟೆಸ್ಟಿಂಗ್‌ನವರು, ನಿಮಗೆ ಇದರ ಬೆಲೆ ನನಗಿಂತ ಚೆನ್ನಾಗಿ ಗೊತ್ತು. ಹಾಗೇ "ಒಂದರಿಂದ ಹತ್ತರ ತನಕ". ನಮ್ಮ ಮಾತಿನಲ್ಲಿ ಹತ್ತೂ ಸೇರುತ್ತೆ. ಪೈಥಾನಿನ 'ರೇಂಜ್' 1, 10 ಅಂದರೆ 9ಕ್ಕೇ ನಿಲ್ಲುತ್ತೆ. ಮತ್ತೆ 'ಇಫ್'. ನಾವು "ಮಳೆ ಬಂದರೆ ಕೊಡೆ ತಗೋ" ಅನ್ನುತ್ತೇವೆ, ಷರತ್ತು ಕ್ರಿಯಾಪದದ ಬಾಲದಲ್ಲಿ 'ರೆ' ಅಂತ ಅಂಟಿಕೊಂಡಿರುತ್ತೆ. ಪೈಥಾನಿನಲ್ಲಿ ಅದು ಸಾಲಿನ ತಲೆಯಲ್ಲಿ ಬರಬೇಕು. ಎಂಟನೇ ಕ್ಲಾಸಿನ ಮಕ್ಕಳು 'ಇಫ್' ಅನ್ನು ಸಾಲಿನ ಕೊನೆಗೆ ಬರೆದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ದಡ್ಡತನ ಅಂತ ಬೈಯಬಾರದು, ಅವರು ಕನ್ನಡದಲ್ಲಿ ಯೋಚಿಸಿದ್ದಾರೆ ಅಷ್ಟೇ.

ಆರು ಕಂಪ್ಯೂಟರ್ ವಿಷಯ. ಮಿಷನ್‌ಗೆ ಇಬ್ಬರನ್ನು ಕೂರಿಸಿ, ಐದು ಜನರನ್ನಲ್ಲ. ಒಂದು ಹೊತ್ತಿಗೆ ಹನ್ನೆರಡು ಮಕ್ಕಳು ಮಿಷನ್ ಮುಂದೆ, ಉಳಿದವರು ನೆಲದ ಮೇಲೆ ಕಾಗದದ ಕೆಲಸ, ಅರ್ಧ ಗಂಟೆಗೊಮ್ಮೆ ಬದಲು. ಕಾಗದದ ಕೆಲಸ ಅಂದರೆ ಹೀಗೆ. ಎಂಟು ಸಾಲಿನ ಒಂದು ಸರಿಯಾದ ಪ್ರೋಗ್ರಾಂ ಬರೆದು, ಸಾಲುಸಾಲಾಗಿ ಕತ್ತರಿಸಿ, ಚೀಟಿ ಕಲೆಸಿ ಕೊಡಿ. ಮಕ್ಕಳು ಜೋಡಿಸಬೇಕು. ಬೇಡದ ಒಂದು ಸಾಲನ್ನೂ ಸೇರಿಸಿಡಿ. ಟೈಪಿಂಗ್ ತಪ್ಪಿನ ಕಾಟ ಇಲ್ಲ, ತಲೆ ಪೂರ್ತಿ ಕ್ರಮದ ಮೇಲೇ ಇರುತ್ತೆ. ಇದಕ್ಕೆ 'ಪಾರ್ಸನ್ಸ್ ಪ್ರಾಬ್ಲಂ' ಅಂತ ಹೆಸರು, 2006ರಿಂದ ಬಳಕೆಯಲ್ಲಿದೆ. ಮಿಷನ್ ಮುಂದೆ ಕೂತವರಿಗೂ ಒಂದು ನಿಯಮ ಇರಲಿ. ಓಡಿಸುವ ಮೊದಲು ಏನು ಬರುತ್ತೆ ಅಂತ ಇಬ್ಬರೂ ನೋಟ್‌ಬುಕ್‌ನಲ್ಲಿ ಬರೆಯಬೇಕು, ಆಮೇಲೆ ಎಂಟರ್. ಬರೆದದ್ದು ತಪ್ಪಾದಾಗಲೇ ಕಲಿಕೆ ಶುರುವಾಗುವುದು.

ಕೊನೆಗೆ ಒಂದು ಮಾತು, ಇದು ನನ್ನ ಮನಸ್ಸಿಗೆ ಹತ್ತಿರದ್ದು. ಕೀಬೋರ್ಡ್ ಯಾರ ಕೈಯಲ್ಲಿದೆ ನೋಡುತ್ತಿರಿ. ಹುಡುಗ ಹುಡುಗಿ ಜೋಡಿ ಮಾಡಿದರೆ ಹುಡುಗನೇ ಟೈಪ್ ಮಾಡುತ್ತಾನೆ, ಹುಡುಗಿ ಪಕ್ಕದಲ್ಲಿ ನೋಡುತ್ತಾ ಕೂರುತ್ತಾಳೆ. ನಾನು ಗಡಿಯಾರ ಇಟ್ಟು ಹತ್ತು ನಿಮಿಷಕ್ಕೆ ಬದಲಿಸುತ್ತೇನೆ. ಟೈಪ್ ಮಾಡುವವರು ಯೋಚನೆ ಹೇಳುವ ಹಾಗಿಲ್ಲ, ಯೋಚನೆ ಹೇಳುವವರು ಕೀಬೋರ್ಡ್ ಮುಟ್ಟುವ ಹಾಗಿಲ್ಲ. ನಿಮ್ಮ 'ಸೊನ್ನೆ ಸಮ ಒಂದು' ಹುಡುಗಿಯನ್ನು ಬಿಡಬೇಡಿ ಅಕ್ಕ.

ಠಾಣೆ ಲೆಕ್ಕಪತ್ರ

ವಾಸ್ಕೊ ಟೀಚರ್ ಅವರ 35ರ ಉದಾಹರಣೆ ನನಗೆ ತಾಗಿತು. ಆಫೀಸಿನಲ್ಲಿ ಇಂಥದ್ದೇ ಒಂದು ಅಂಚಿನ ತಪ್ಪಿಂದ ಒಂದು ತಿಂಗಳ ಲೆಕ್ಕ ಪೂರ್ತಿ ಮತ್ತೆ ಮಾಡಿದ್ದೇವೆ. ಆದರೂ ಟೈಪಿಂಗ್‌ಗೆ ವಾರಕ್ಕೆ ಅರ್ಧ ಗಂಟೆ ಬೇಕು ಅನ್ನುವ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಭಾನುವಾರ ನಾನೇ ಬಂದು ಕಲಿಸುತ್ತೇನೆ, ಠಾಣೆಯಿಂದ ಡೊಂಬಿವಲಿ ಎಷ್ಟು ದೂರ? 'ಎ' ಬಾರದ ಕೀಬೋರ್ಡ್ ಬದಲಿಗೆ ನನ್ನ ಹತ್ತಿರ ಒಂದು ಒಳ್ಳೇದು ಇದೆ, ತರುತ್ತೇನೆ.

ಮಾಟುಂಗದ ಗಣಿತ ಮೇಷ್ಟ್ರು

ಲೋಕಲ್ ಟ್ರೇನ್ ಪಾಠ ಬಾಕಿ ಇತ್ತು, ಚುಟುಕಾಗಿ ಹೇಳುತ್ತೇನೆ. ಮಕ್ಕಳಿಗೆ ಡೊಂಬಿವಲಿಯಿಂದ ಅಂಧೇರಿಗೆ ಹೋಗುವ ದಾರಿ ಕೇಳಿ. ಕೆಲವರು ದಾದರ್‌ಗೆ ಹೋಗಿ ವೆಸ್ಟರ್ನ್ ಲೈನಿನ ಟ್ರೇನ್ ಹಿಡಿ ಅನ್ನುತ್ತಾರೆ, ಕೆಲವರು ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋ ಹತ್ತು ಅನ್ನುತ್ತಾರೆ. ಮೆಟ್ರೋ ಬಂದದ್ದು 2014ರಲ್ಲಿ, ಅದಕ್ಕೆ ಮೊದಲು ಈ ಗೆರೆ ಇರಲೇ ಇಲ್ಲ ಅಂತ ಹೇಳಿ. ಸ್ಟೇಷನ್ ಚುಕ್ಕೆ, ದಾರಿ ಗೆರೆ, ಗೆರೆಯ ಮೇಲೆ ನಿಮಿಷ ಬರೆಯಲಿ. ಆಮೇಲೆ ಅದೇ ಗೆರೆಯ ಮೇಲೆ ನಿಮಿಷದ ಬದಲು ಟಿಕೆಟ್ ದುಡ್ಡು ಬರೆಯಲಿ. ಒಳ್ಳೇ ದಾರಿ ಬದಲಾಗುತ್ತಾ ನೋಡಲಿ. 'ಅತಿ ಹತ್ತಿರ' ಅಂದರೆ ಯಾವುದರಲ್ಲಿ ಹತ್ತಿರ ಅಂತ ಮೊದಲು ತೀರ್ಮಾನಿಸಬೇಕು, ಕಂಪ್ಯೂಟರ್ ಅದನ್ನು ತೀರ್ಮಾನಿಸುವುದಿಲ್ಲ. ಇದನ್ನು ಸರಿಯಾಗಿ ಲೆಕ್ಕ ಹಾಕುವ ಕ್ರಮವನ್ನು ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದರು. ಒಂಬತ್ತನೇ ಕ್ಲಾಸಿನ ಮಕ್ಕಳು ಏಳೆಂಟು ಸ್ಟೇಷನ್ ಇಟ್ಟುಕೊಂಡು ಕೈಯಲ್ಲೇ ಮಾಡಬಲ್ಲರು, ನಾನು ಮಾಡಿಸಿದ್ದೇನೆ.

ಮನೆ ಊಟದ ಡಬ್ಬಿಯನ್ನು ಆಫೀಸಿಗೆ ತಲುಪಿಸುವ ಡಬ್ಬಾವಾಲರನ್ನೂ ಮರೆಯಬೇಡಿ. 1890ರಿಂದ ನಡೆದು ಬಂದ ಪದ್ಧತಿ. ಡಬ್ಬಿಯ ಮುಚ್ಚಳದ ಮೇಲೆ ನಾಲ್ಕಾರು ಗುರುತು, ಅಷ್ಟೇ. ಪ್ರತಿ ಕೈಯವನೂ ತನಗೆ ಬೇಕಾದ ಗುರುತು ಮಾತ್ರ ಓದಿ ಮುಂದಿನವನಿಗೆ ದಾಟಿಸುತ್ತಾನೆ. ಇಂಟರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ (ಮಾಹಿತಿಯ ಸಣ್ಣ ತುಂಡು) ಹೇಗೆ ಹೋಗುತ್ತೆ ಅಂತ ಹೇಳಲು ಮುಂಬಯಿ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗೇ 'ಬೆಬ್ರಾಸ್' ಅಂತ ಒಂದು ಸ್ಪರ್ಧೆ ಇದೆ, 2004ರಲ್ಲಿ ಲಿಥುವೇನಿಯಾದಲ್ಲಿ ಶುರುವಾದದ್ದು. ನಮ್ಮಲ್ಲಿ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಇಂಡಿಯಾದ 'ಸಿಎಸ್ ಪಾಠಶಾಲಾ' ನಡೆಸುತ್ತೆ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಎಲ್ಲ ಯೋಚಿಸುವ ಒಗಟುಗಳು. ಮುಂದಿನ ವರ್ಷ ಕೂರಿಸಿ.

ಡೊಂಬಿವಲಿ ಅಕ್ಕ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಎರಡು ಭಾನುವಾರ ಆದ ಮೇಲೆ ಬರೆಯುತ್ತಿದ್ದೇನೆ.

ಮೊದಲ ವಾರ ಸ್ಟೀಲ್ ಡಬ್ಬಿ, ಹುಣಸೆ ಬೀಜ ತಗೊಂಡು ಹೋದೆ. ಆ ಹುಡುಗಿಯನ್ನೇ ಮುಂದೆ ಕರೆದೆ. "ನೀನು ಹೇಳಿದ್ದು ಗಣಿತದಲ್ಲಿ ನೂರಕ್ಕೆ ನೂರು ಸರಿ, ಅವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ" ಅಂತ ಎಲ್ಲರ ಮುಂದೆ ಹೇಳಿದೆ. ಅವಳು ಬೀಜ ಎಣಿಸಿದಳು, ಒಂದು ಸೇರಿಸಿದಳು, ಹಾಕಿದಳು. ಸ್ವಲ್ಪ ಹೊತ್ತು ಡಬ್ಬಿ ನೋಡಿಕೊಂಡು ನಿಂತು, "ಹಾಗಾದ್ರೆ ಹಳೇ ಎಕ್ಸ್ ಎಲ್ಲಿ ಹೋಯ್ತು?" ಅಂದಳು. ಹೋಯ್ತು, ಇನ್ನು ಸಿಗಲ್ಲ ಅಂದೆ. "ಬೇಕು ಅಂದ್ರೆ ಮೊದಲೇ ಇನ್ನೊಂದು ಡಬ್ಬಿಗೆ ಹಾಕಿಡಬೇಕು ಅಲ್ವಾ?" ನಾನು ಮುಂದಿನ ತಿಂಗಳು ಹೇಳಬೇಕು ಅಂದುಕೊಂಡಿದ್ದ ಪಾಠ ಅದು. ರ‍್ಯಾಮ್ ಯಾಕೆ ಬೇಕು ಅನ್ನುವ ಹಳೇ ಪ್ರಶ್ನೆ ಅವತ್ತೇ ಮತ್ತೆ ಎತ್ತಿದೆ. ಈ ಸಲ ನಾಲ್ಕೈದು ಕೈ ಮೇಲೆ ಬಂದವು. "ಡಬ್ಬಿ ಇಡೋಕೆ ಜಾಗ ಬೇಕಲ್ಲ ಟೀಚರ್" ಅಂದ ಒಬ್ಬ.

ನಿನ್ನೆ ಮೇಷ್ಟ್ರ ಕಾರ್ಡ್ ಆಟ. ಹಾಜರಿ ಕರೆಯಲು ಇಪ್ಪತ್ತು ನಿಮಿಷ ಹಿಡಿಯಿತು, ಯಾರಿಗೂ ಸಾಕಾಗಲಿಲ್ಲ. 31 ಕರೆದಾಗ ಐದೂ ಕಾರ್ಡ್ ತೋರಿಸಿ ಜೋರಾಗಿ ಕೂಗಿದರು. ಆ ಹೊತ್ತಿಗೇ ಬಾಗಿಲಲ್ಲಿ ಒಬ್ಬಳು ಹೊಸ ಹುಡುಗಿ ಅಮ್ಮನ ಜೊತೆ ಬಂದು ನಿಂತಿದ್ದಳು, ಕಲಬುರಗಿಯಿಂದ ಇಲ್ಲಿಗೆ ಬಂದು ಎರಡು ವಾರ ಆಯ್ತಂತೆ. ಹೆಸರು ಬರೆದುಕೊಂಡು "ನಿನ್ನ ನಂಬರ್ 32" ಅಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಕಾರ್ಡ್ ಹಿಡಿದವರೇ "ಟೀಚರ್ ಆಗಲ್ಲ, ಇನ್ನೊಂದು ಕಾರ್ಡ್ ಬೇಕು" ಅಂತ ಶುರು ಮಾಡಿದರು. ಒಬ್ಬ ರಟ್ಟು ಹರಿದ, ಇನ್ನೊಬ್ಬಳು 32 ಚುಕ್ಕೆ ಇಟ್ಟಳು, ಎರಡು ಸಲ ಎಣಿಸಿದಳು. ಆ ಕಾರ್ಡನ್ನು ಹೊಸ ಹುಡುಗಿಯ ಕೈಗೇ ಕೊಟ್ಟು ಎಡಗಡೆ ತುದಿಯಲ್ಲಿ ನಿಲ್ಲಿಸಿದರು. ಉಳಿದ ಐವರು ಖಾಲಿ ಬದಿ ತಿರುಗಿಸಿದರು.

ಠಾಣೆಯವರೇ, ಕೀಬೋರ್ಡ್‌ಗೆ ಮತ್ತೆ ಅರ್ಧ ಗಂಟೆಗೆ ಎರಡಕ್ಕೂ ಒಪ್ಪಿಗೆ, ಒಂಬತ್ತೂವರೆಗೆ ಬನ್ನಿ, ಸ್ಟೇಷನ್‌ನಿಂದ ಈಸ್ಟ್ ಕಡೆ ಇಳಿಯಿರಿ. ಮೇಷ್ಟ್ರೇ, ಮುಂದಿನ ವಾರ ಎಲ್ಲರಿಗೂ ಬಿಸ್ಕತ್ ಪ್ಯಾಕೆಟ್ ತರಲು ಹೇಳಿದ್ದೇನೆ. ಆಧಾರ್‌ನ ಆ ವೆರ್‌ಹೂಫ್ ವಿಧಾನವನ್ನು ಒಂಬತ್ತನೇ ಕ್ಲಾಸಿನವರಿಗೆ ಹೇಳುವಷ್ಟು ಸುಲಭವಾಗಿ ಬಿಡಿಸಿ ಬರೆಯುತ್ತೀರಾ? ಕೇಳೇ ಕೇಳುತ್ತಾರೆ.